ಕಬ್ಬಿನ ಕಾಟಾದಲ್ಲಿ ಗೋ ಕಂಪೈಲರ್: ಒಂದು ಹಂಗಾಮು ಬಳಸಿದ ಮೇಲೆ

ಮುಧೋಳದ ಹತ್ತಿರ ಒಂದು ಖಾಸಗಿ ಕಾಟಾಕ್ಕೆ ತೂಕದ ಚೀಟಿ ತೆಗೆಯುವ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಹೋದ ಹಂಗಾಮಿನಲ್ಲಿ ಅದನ್ನು ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಬರೆದದ್ದನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವುದು ಅದರ ಕಂಪೈಲರ್. ಹೆಸರು ಕೇಳಿ ಅಪ್ಪ, ‘ಆಕಳ ಲೆಕ್ಕಾ ಬರಿಯೂದೇನೋ ಅದು?’ ಅಂದಿದ್ದರು.

ಭಾಷೆ ಆರಿಸುವ ಮುಂಚೆ ಒಂದು ವಾರ ಸುಮ್ಮನೆ ಹಾಳು ಮಾಡಿಕೊಂಡೆ. ಸಿ, ರಸ್ಟ್, ಗೋ ಮೂರರಲ್ಲೂ ನೂರು ಕೋಟಿ ಸಲ ಸುತ್ತಿ ಕೂಡಿಸುವ ಲೂಪ್ ಬರೆದು ಟೈಮ್ ಹಿಡಿದು ಕೂತೆ. ಸಿ ಕಂಪೈಲರ್ ಜಿಸಿಸಿಗೆ ಓ2, ಅಂದರೆ ‘ಕೋಡ್ ಚುರುಕು ಮಾಡು’ ಅನ್ನುವ ಸೂಚನೆ, ಕೊಟ್ಟರೆ ಸಿ ಪ್ರೋಗ್ರಾಂ ಎಂಟರ್ ಒತ್ತಿದ ಬೆರಳು ಎತ್ತುವುದರೊಳಗೆ ಮುಗಿಯಿತು. ಹಿಗ್ಗಿದೆ. ಅಸೆಂಬ್ಲಿ (ಕಂಪೈಲರ್ ಹೊರಡಿಸಿದ ಮಷಿನ್ ಸೂಚನೆಗಳು) ತೆಗೆದು ನೋಡಿದರೆ ಅಲ್ಲಿ ಲೂಪೇ ಇಲ್ಲ! ಬಂದ ಮೊತ್ತವನ್ನು ನಾನು ಎಲ್ಲೂ ಪ್ರಿಂಟ್ ಮಾಡಿರಲಿಲ್ಲ. ಯಾರಿಗೂ ಬೇಡದ ಲೆಕ್ಕ ಅಂತ ಕಂಪೈಲರ್ ಪೂರ್ತಿ ಕಿತ್ತು ಹಾಕಿತ್ತು. ಗೋ ಅಷ್ಟು ಚಾಲಾಕಿ ಅಲ್ಲ, ನಿಯತ್ತಾಗಿ ಸುತ್ತಿತು. ಬಿಲ್ಡ್ ಸಮಯ, ಅಂದರೆ ಕಂಪೈಲರ್ ಪ್ರೋಗ್ರಾಂ ಕಟ್ಟಲು ಹಿಡಿಯುವ ಸಮಯ, ಅಳೆಯುವಾಗಲೂ ಹೀಗೇ ಮೋಸಹೋದೆ. ಎರಡನೇ ಸಲದ ವೇಗ ಕಂಪೈಲರ್‌ದಲ್ಲ, ಹಿಂದಿನ ಬಿಲ್ಡ್‌ನ ಫಲ ಎತ್ತಿಟ್ಟುಕೊಳ್ಳುವ, ಗೋ 1.10ರಿಂದ ಬಂದಿರುವ ಕ್ಯಾಶ್‌ದು. ಅದನ್ನು ಅಳಿಸಿಯೇ ಅಳೆಯಬೇಕು.

ಇಷ್ಟಕ್ಕೂ ನನ್ನ ಕೆಲಸಕ್ಕೆ ಓಟದ ವೇಗ ಬೇಕಾಗಿಯೇ ಇರಲಿಲ್ಲ. ಕಾಟಾದ ತೂಕ ತೋರಿಸುವ ಇಂಡಿಕೇಟರ್ ಸೀರಿಯಲ್ ಕೇಬಲ್‌ನಲ್ಲಿ 9600 ಬಾಡ್‌ನಂತೆ ತೂಕ ಕಳಿಸುತ್ತದೆ, ಅಂದರೆ ಸೆಕೆಂಡಿಗೆ 9600 ಬಿಟ್, ಅಕ್ಷರಕ್ಕೆ ಹತ್ತು ಬಿಟ್ ಹಿಡಿದರೆ ಹೆಚ್ಚೆಂದರೆ 960 ಅಕ್ಷರ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅದಕ್ಕಿಂತ ನಿಧಾನ. ಇವುಗಳ ಮುಂದೆ ಪೈಥಾನ್ ಕೂಡ ಕುದುರೆಯೇ. ಅದನ್ನು ಬಿಟ್ಟಿದ್ದು ಬೇರೆ ಕಾರಣಕ್ಕೆ: ನೆಟ್ ಇಲ್ಲದ ಕಾಟಾ ಮಷಿನ್‌ಗೆ ಪೈಥಾನನ್ನೂ ಅದರ ಲೈಬ್ರರಿಗಳನ್ನೂ ಹೊತ್ತು ಹಾಕುವವರು ಯಾರು?

ಗೋ ನನಗೆ ಹಿಡಿಸಿದ್ದು ಡಿಸೆಂಬರ್‌ನ ಒಂದು ರಾತ್ರಿ. ಎರಡು ಡಬ್ಬಿಯ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತಿದೆ. ಇಂಡಿಕೇಟರ್‌ನಲ್ಲಿ 24360, ಚೀಟಿಯಲ್ಲಿ 2436. ಡ್ರೈವರ್ ಚೀಟಿ ಹಿಡಿದುಕೊಂಡೇ ಬಂದ: ‘ಸಾಹೇಬ್ರ, ಇದು ಬರೇ ಟ್ರ್ಯಾಕ್ಟರ್ ತೂಕ ಆತಲ್ರಿ. ಕಬ್ಬು ಎಲ್ಲಿ ಹೋತು?’

ತಪ್ಪು ನನ್ನದೇ. ಸೀರಿಯಲ್‌ನಲ್ಲಿ ಅಂಕಿ ತುಂಡು ತುಂಡಾಗಿಯೂ ಬರುತ್ತದೆ. ಸಾಲು ಮುಗಿಯುವವರೆಗೆ ಕಾಯದೆ ಸಿಕ್ಕಷ್ಟನ್ನೇ ತೂಕ ಅಂದುಕೊಂಡಿದ್ದೆ. ರಸ್ಟ್‌ನ ಬಾರೋ ಚೆಕರ್ (ಮೆಮೊರಿ ತಪ್ಪು ಹಿಡಿಯುವ ಕಾವಲುಗಾರ) ಕೂಡ ಇಂಥದ್ದನ್ನು ಹಿಡಿಯುವುದಿಲ್ಲ. 4 ಜಿಬಿ ರ‍್ಯಾಮ್‌ನ ನನ್ನ ಹಳೇ ಉಬುಂಟು ಲಿನಕ್ಸ್ ಲ್ಯಾಪ್‌ಟಾಪ್ ಅಲ್ಲೇ ತೆರೆದು ತಿದ್ದಿದೆ, ವಿಂಡೋಸ್, 386 (32 ಬಿಟ್ ಮಷಿನ್) ಅಂತ ಗುರಿ ಹೇಳಿ ಬಿಲ್ಡ್ ಕೊಟ್ಟೆ. ಡ್ರೈವರ್ ಎಲೆಗೆ ಸುಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ಒಂದೇ ಒಂದು ಎಕ್ಸ್‌ಇ ಫೈಲ್ ಪೆನ್‌ಡ್ರೈವ್‌ನಲ್ಲಿತ್ತು. ಮೊದಲು ಇದನ್ನೇ ರಸ್ಟ್‌ನಲ್ಲಿ ಬರೆದು ನೋಡಿದ್ದೆ. ಆಗ ರಿಲೀಸ್ ಬಿಲ್ಡ್‌ಗೆ ಹಾಕಿ ಚಹಾ ಕುಡಿದು ಬರಬೇಕಿತ್ತು. ರಸ್ಟ್ ಕಂಪೈಲರ್‌ನೊಳಗಿನ ಎಲ್‌ಎಲ್‌ವಿಎಂ ಕೂತು ಕೋಡನ್ನು ಸಾಣೆ ಹಿಡಿಯುತ್ತದೆ, ಹೊರಬರುವುದೂ ಚುರುಕೇ. ಆದರೆ ಹಿಂದೆ ಸಾಲು ಗಾಡಿ ಹಾರ್ನ್ ಹೊಡೆಯುವಾಗ ನನಗೆ ಬೇಕಿದ್ದ ಚುರುಕು ಅದಲ್ಲ. ಗೂಗಲ್‌ನಲ್ಲಿ ದೊಡ್ಡ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂಗಳ ಬಿಲ್ಡ್‌ಗೆ ಕಾದು ಬೇಸತ್ತದ್ದೂ ಗೋ ಹುಟ್ಟಲು ಒಂದು ಕಾರಣವಂತೆ. ಆ ರಾತ್ರಿ ಅದು ಪೂರ್ತಿ ಅರ್ಥವಾಯಿತು.

ಕಿರಿಕಿರಿ ಇಲ್ಲ ಅಂತಲ್ಲ. ಇಂಪೋರ್ಟ್ ಮಾಡಿದ ಪ್ಯಾಕೇಜನ್ನು (ಸಿದ್ಧ ಕೋಡಿನ ಗಂಟು) ಬಳಸದಿದ್ದರೆ ಬಿಲ್ಡೇ ಮಾಡುವುದಿಲ್ಲ. ಅವಸರದಲ್ಲಿ ಒಂದು ಪ್ರಿಂಟ್ ಸಾಲು ಅಳಿಸಿದರೂ ಜಗಳಕ್ಕೆ ಬರುತ್ತದೆ. ಸೀರಿಯಲ್ ಪೋರ್ಟ್‌ಗೆ ಹೊರಗಿನ ಪ್ಯಾಕೇಜ್ ಹುಡುಕಬೇಕು. ಸಿ ಕೋಡ್ ಬೇಡುವ ಎಸ್‌ಕ್ಯೂಲೈಟ್ ಡೇಟಾಬೇಸ್ ಪ್ಯಾಕೇಜ್ ಸೇರಿಸಿದಾಗ, ಲಿನಕ್ಸ್‌ನಲ್ಲೇ ವಿಂಡೋಸ್ ಫೈಲ್ ಹೆರುವ ಸುಖವೂ ಹೋಯಿತು. ಕೊನೆಗೆ ಸಾದಾ ಟೆಕ್ಸ್ಟ್ ಫೈಲ್‌ನಲ್ಲೇ ತೂಕ ಬರೆದಿಡುತ್ತಿದ್ದೇನೆ.

ದೊಡ್ಡ ದೂರು ಒಂದೇ. ಕಾಟಾದ ಕಂಪ್ಯೂಟರ್ ಇನ್ನೂ ವಿಂಡೋಸ್ 7. ಅದಕ್ಕೆ ಗೋ 1.20 ಕೊನೆ, 2023ರ ಆಗಸ್ಟ್‌ನಲ್ಲಿ ಬಂದ 1.21ಕ್ಕೆ ವಿಂಡೋಸ್ 10 ಬೇಕು. ರಸ್ಟ್ ಕೂಡ 1.78ರಿಂದ ಅದೇ ದಾರಿ ಹಿಡಿಯಿತು. ಹೀಗಾಗಿ ಹಳೇ ಕಂಪೈಲರನ್ನೇ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಹಂಗಾಮು ಮುಗಿಯಲಿ, ಹೊಸ ಕಂಪ್ಯೂಟರ್ ತರೋಣ ಅಂತಾರೆ ಮಾಲೀಕರು. ಹೋದ ವರ್ಷವೂ ಅಂದಿದ್ದರು.