ನಾಲ್ಕು ಗಂಟೆಯ ಕೂಗಿಗೆ ಐದು ಖಾನೆಯ ಡಬ್ಬಿ: ಮುದಿ ಬೆಕ್ಕಿರುವ ಮುಂಬಯಿ ಮನೆಗೆ ಟೈಮರ್ ಫೀಡರ್

ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಹದಿಮೂರು ವರ್ಷದ ಬೆಕ್ಕು ಬೆಳಗಿನ ಜಾವ ನಾಲ್ಕಕ್ಕೆ ಹಾಲ್‌ನಲ್ಲಿ ನಿಂತು ಕೂಗಿದರೆ ಮೂರು ಮನೆಗೆ ಎಚ್ಚರವಾಗುತ್ತದೆ. ಬಾಗಿಲು ಮುಚ್ಚಿದರೆ ಕೆರೆಯುತ್ತದೆ, ತೆರೆದಿಟ್ಟರೆ ಮುಖದ ಮೇಲೆ ಪಂಜ ಇಡುತ್ತದೆ. ಸಾಕುಪ್ರಾಣಿ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಇದಕ್ಕೆ ಸಿಗುವ ಮೊದಲ ಉತ್ತರ ಟೈಮರ್ ಫೀಡರ್, ಅಂದರೆ ಹೇಳಿದ ಹೊತ್ತಿಗೆ ತಾನೇ ಊಟ ತೆರೆದಿಡುವ ಡಬ್ಬಿ. ಒಂದೇ ಅಚ್ಚಿನ ಡಬ್ಬಿ ಬೇರೆಬೇರೆ ಹೆಸರಲ್ಲಿ ಮಾರಾಟಕ್ಕಿರುವುದರಿಂದ ಇಲ್ಲಿ ಕಂಪನಿಯ ಹೆಸರು ಹಿಡಿಯದೆ, ಎರಡು ಬಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇವೆ. ಒಂದು, ಐದು ಖಾನೆಯ ತಿರುಗುವ ತಟ್ಟೆ. ಇನ್ನೊಂದು, ಮೇಲೆ ಒಣ ಆಹಾರ ತುಂಬಿಸಿ ಕೆಳಗೆ ಬಟ್ಟಲಿಗೆ ಉದುರಿಸುವ ಎತ್ತರದ ಡಬ್ಬಿ. ಮುದಿ ಬೆಕ್ಕಿಗೆ ಮೊದಲನೆಯದೇ ಸರಿ. ಆದರೆ ಅದನ್ನು ಕೊಳ್ಳುವ ಮೊದಲು ಆಗಬೇಕಾದ ಕೆಲಸ ಒಂದಿದೆ.

ಈ ಡಬ್ಬಿ ಹಸಿವಿನ ಕೂಗಿಗೆ, ಅಭ್ಯಾಸದ ಕೂಗಿಗೆ ಮಾತ್ರ ಮದ್ದು. ವಯಸ್ಸಾದ ಬೆಕ್ಕು ರಾತ್ರಿ ಕೂಗಲು ಬೇರೆ ಕಾರಣಗಳೂ ಇವೆ: ಥೈರಾಯ್ಡ್ ಹೆಚ್ಚಾಗಿರುವುದು, ರಕ್ತದೊತ್ತಡ ಏರಿರುವುದು, ಮೂತ್ರಪಿಂಡ ಸೋಲುತ್ತಿರುವುದು, ಸಕ್ಕರೆ ಕಾಯಿಲೆ, ಕೀಲುನೋವು, ಕಿವಿ ಮಂದವಾಗಿ ತನ್ನ ದನಿ ತನಗೇ ಕೇಳಿಸದಿರುವುದು, ಮರೆವು. ಚೆನ್ನಾಗಿ ತಿಂದರೂ ಇಳಿದುಹೋಗುತ್ತಿರುವ ಬೆಕ್ಕಿಗೆ ಥೈರಾಯ್ಡ್ ಇರಬಹುದು. ಅಂಥದಕ್ಕೆ ಫೀಡರ್ ಇಟ್ಟರೆ ಬಟ್ಟಲು ಖಾಲಿಯಾಗುತ್ತದೆ, ಕೂಗು ನಿಲ್ಲುವುದಿಲ್ಲ, ರೋಗ ಮಾತ್ರ ಒಳಗೇ ಬೆಳೆಯುತ್ತದೆ. ಪಶುವೈದ್ಯರ ಬಳಿ ಕೇಳಬೇಕಾದದ್ದು ಇಷ್ಟು: ಟಿ4 (ಥೈರಾಯ್ಡ್ ಹಾರ್ಮೋನು), ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತಪರೀಕ್ಷೆ), ಸಕ್ಕರೆ, ಮೂತ್ರ ಪರೀಕ್ಷೆ, ಜೊತೆಗೆ ರಕ್ತದೊತ್ತಡ. ಕೊನೆಯದನ್ನು ನೀವೇ ಬಾಯಿಬಿಟ್ಟು ಕೇಳಿ, ಎಲ್ಲ ಕ್ಲಿನಿಕ್‌ಗಳಲ್ಲೂ ಅದರ ಯಂತ್ರ ಇರುವುದಿಲ್ಲ. ರಕ್ತದೊತ್ತಡದ ಮೇಲಿನ ಅಂಕಿ 160 ದಾಟಿದರೆ ಕಣ್ಣಿಗೂ ಮೂತ್ರಪಿಂಡಕ್ಕೂ ಅಪಾಯ. ಪಾಪೆ ಅಗಲವಾಗಿ ತೆರೆದು ಬೆಕ್ಕು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಅವತ್ತೇ ಕರೆದೊಯ್ಯಬೇಕು. ಮುಂಬಯಿಯಲ್ಲಿ ಪರೇಲ್‌ನ ಬಾಯಿ ಸಾಕರ್‌ಬಾಯಿ ಆಸ್ಪತ್ರೆ ಹಳೆಯ ಆಸರೆ, ಮಹಾಲಕ್ಷ್ಮಿಯಲ್ಲಿ 2024ರಲ್ಲಿ ತೆರೆದ ಟಾಟಾ ಟ್ರಸ್ಟ್ಸ್ ಪ್ರಾಣಿ ಆಸ್ಪತ್ರೆ ಹೊಸದು. ಕ್ಯಾಮೆರಾ, ಮೈಕ್ ಇರುವ ದುಬಾರಿ ಫೀಡರ್ ಕೊಳ್ಳುವ ಆಲೋಚನೆ ಇದ್ದರೆ ಕ್ಯಾಮೆರಾ ಬಿಡಿ, ಆ ಹಣವನ್ನು ಈ ಪರೀಕ್ಷೆಗಳಿಗೆ ಇಡಿ. ಮತ್ತೊಂದು ಮಾತು: ಕೀಲುನೋವಿಗೆ ಮನೆಯ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡಿ. ಬೆಕ್ಕಿನ ಪಿತ್ತಜನಕಾಂಗ ಅದನ್ನು ಅರಗಿಸಲಾರದು, ಪ್ರಾಣವೇ ಹೋಗುತ್ತದೆ.

ವರದಿಗಳು ಸರಿಯಿದ್ದರೆ, ಅಥವಾ ಔಷಧ ಶುರುವಾಗಿ ಬೆಕ್ಕು ಚೇತರಿಸಿಕೊಂಡ ಮೇಲೂ ನಾಲ್ಕರ ಕೂಗು ಉಳಿದಿದ್ದರೆ, ಅದು ಮನೆಯವರೇ ಕಲಿಸಿದ ಪಾಠ. ನಗರದ ಎಷ್ಟೋ ಕಟ್ಟಡಗಳಲ್ಲಿ ನಳದ ನೀರು ನಸುಕಿನಲ್ಲೇ ಬರುತ್ತದೆ. ಕೊಡ ತುಂಬಿಸಲು ಎದ್ದವರು ಕಾಲಿಗೆ ಸುತ್ತುವ ಬೆಕ್ಕಿಗೆ ಮೊದಲು ಒಂದು ಹಿಡಿ ಹಾಕಿ ಕೆಲಸಕ್ಕೆ ತೊಡಗುತ್ತಾರೆ. ಬೆಕ್ಕಿಗೆ ತಿಳಿಯುವುದು ಇಷ್ಟೇ: ಮನುಷ್ಯ ಎದ್ದರೆ ಊಟ. ಐದಕ್ಕೆ ಏಳುವವರನ್ನು ನಾಲ್ಕೂವರೆಗೆ ಎಬ್ಬಿಸಿದರೆ ಊಟವೂ ಬೇಗ ಬರುತ್ತದೆ ಎಂಬ ಲೆಕ್ಕ ಅದಕ್ಕೆ ಬಲು ಬೇಗ ಸಿಕ್ಕಿಬಿಡುತ್ತದೆ. ಫೀಡರ್ ಮಾಡುವ ನಿಜವಾದ ಉಪಕಾರ ಇರುವುದು ಇಲ್ಲಿ. ಅದು ಊಟವನ್ನು ಮನುಷ್ಯನಿಂದ ಬಿಡಿಸಿ ಡಬ್ಬಿಗೆ ಕಟ್ಟುತ್ತದೆ. ಬೆಕ್ಕು ಹಾಸಿಗೆಯ ಬಳಿ ಕಾಯುವುದನ್ನು ಬಿಟ್ಟು ಡಬ್ಬಿಯ ಬಳಿ ಕಾಯಲು ಕಲಿಯುತ್ತದೆ. ಡಬ್ಬಿಯನ್ನು ಎಷ್ಟು ಬೈದರೂ, ಎಷ್ಟು ಬೇಡಿಕೊಂಡರೂ ಹೊತ್ತಿಗೆ ಮುಂಚೆ ತೆರೆಯುವುದಿಲ್ಲವಲ್ಲ.

ಈಗ ಯಂತ್ರದ ವಿಚಾರ. ತಿರುಗುವ ತಟ್ಟೆಯ ಬಗೆಯಲ್ಲಿ ಮುಚ್ಚಳಕ್ಕೆ ಒಂದೇ ಕಿಂಡಿ. ಕೆಳಗಿನ ಐದು ಖಾನೆಗಳಲ್ಲಿ ಒಂದು ಸದಾ ತೆರೆದಿರುತ್ತದೆ, ಉಳಿದ ನಾಲ್ಕು ಮುಚ್ಚಿರುತ್ತವೆ. ಹೊತ್ತಾದಾಗ ಮೋಟಾರು ತಟ್ಟೆಯನ್ನು ಒಂದು ಖಾನೆಯಷ್ಟು ತಿರುಗಿಸುತ್ತದೆ. ಬಟ್ಟಲು ತಗ್ಗಾಗಿ, ಅಗಲವಾಗಿ ಇರುವುದರಿಂದ ಮೀಸೆ ಅಂಚಿಗೆ ತಾಗುವುದು ಕಡಿಮೆ. ಮುಖ್ಯವಾಗಿ, ಗ್ರಾಂ ಲೆಕ್ಕದಲ್ಲಿ ನಾವು ತೂಗಿ ಹಾಕಿದ್ದಷ್ಟೇ ಬೆಕ್ಕಿಗೆ ಸಿಗುತ್ತದೆ. ಉದುರಿಸುವ ಡಬ್ಬಿಯಲ್ಲಿ ಈ ಖಾತರಿ ಇಲ್ಲ. ಅದು 'ಒಂದು ಪೋರ್ಷನ್' ಎನ್ನುವುದು ಕಾಳಿನ ಗಾತ್ರಕ್ಕೆ ತಕ್ಕಂತೆ 5 ಗ್ರಾಂ ಆಗಬಹುದು, 10 ಗ್ರಾಂ ಆಗಬಹುದು. ಅದೇ ನಿಮ್ಮ ಬಳಿ ಇದ್ದರೆ ಹತ್ತು ಪೋರ್ಷನ್ ಒಟ್ಟಿಗೆ ಉದುರಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹತ್ತರಿಂದ ಭಾಗಿಸಿ. ಆಹಾರದ ಬ್ರ್ಯಾಂಡ್ ಬದಲಾದಾಗಲೆಲ್ಲ ಮತ್ತೆ ತೂಗಿ. ದೊಡ್ಡ ಕಾಳು, ಚಪ್ಪಟೆ ಕಾಳು ಚಕ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಆ್ಯಪ್‌ನಿಂದ ನಡೆಯುವ ಡಬ್ಬಿಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಜೋಡಿಯಾಗುತ್ತವೆ. ರೂಟರ್ ಆಫ್ ಮಾಡಿ ಒಂದು ರಾತ್ರಿ ನೋಡಿ: ವೇಳಾಪಟ್ಟಿ ಯಂತ್ರದಲ್ಲೇ ಉಳಿಯುವುದಿದ್ದರೆ ಊಟ ಬೀಳುತ್ತದೆ, ಬೀಳದಿದ್ದರೆ ಹಿಂತಿರುಗಿಸುವುದೇ ಲೇಸು.

ಮಳೆಗಾಲ ಈ ಎರಡನೇ ಬಗೆಯ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ. ಮೂರು ಕಿಲೋ ಒಣ ಆಹಾರ ಮೇಲೆ ತುಂಬಿಟ್ಟರೆ ಕಾಳು ಜಿನುಗಿ, ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿಯುತ್ತದೆ. ಮುಚ್ಚಳದಲ್ಲಿ ಕೊಡುವ ಸಿಲಿಕಾ ಜೆಲ್ ಚೀಲಕ್ಕೆ ಡಬ್ಬಿಯ ಕೈಪಿಡಿಯಲ್ಲಿ ಒಂದು ತಿಂಗಳ ಆಯುಷ್ಯ ಬರೆದಿದ್ದರೂ ಇಲ್ಲಿ ವಾರಕ್ಕೊಮ್ಮೆ ನೋಡಬೇಕು. ಮೂರು ದಿನಕ್ಕೆ ಸಾಕಾಗುವಷ್ಟನ್ನೇ ತುಂಬಿ, ಉಳಿದದ್ದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ತಿರುಗುವ ತಟ್ಟೆಯಲ್ಲಿ ಒಂದೇ ರಾತ್ರಿಯ ಊಟ ಇರುವುದರಿಂದ ಈ ತಲೆನೋವು ಇಲ್ಲ, ಆದರೆ ಇರುವೆ ಬರುತ್ತದೆ. ಡಬ್ಬಿಯನ್ನು ಅಗಲ ತಟ್ಟೆಯ ನೀರಿನ ನಡುವೆ ಮರದ ಹಲಗೆಯ ಮೇಲೆ ಇಡಿ. ನೀರು ಮೋಟಾರಿಗೆ ತಾಗದ ಹಾಗೆ ಹಲಗೆ ಎರಡು ಇಂಚಾದರೂ ಎತ್ತರ ಇರಲಿ. ಅದೇ ಹಲಗೆಯಿಂದ ಇನ್ನೊಂದು ಲಾಭ: ಕುತ್ತಿಗೆ, ಮೊಣಕೈ ನೋಯುವ ಬೆಕ್ಕಿಗೆ ಬಗ್ಗುವ ಶ್ರಮ ತಗ್ಗುತ್ತದೆ.

ಬ್ಯಾಟರಿಗೆ ಆಲ್ಕಲೈನ್ ಸೆಲ್ ಹಾಕಿ. ರೀಚಾರ್ಜ್ ಸೆಲ್ 1.2 ವೋಲ್ಟ್, ಆಲ್ಕಲೈನ್ 1.5, ಕಡಿಮೆ ವೋಲ್ಟೇಜಿಗೆ ಕೆಲವು ಡಬ್ಬಿಗಳು ತಟ್ಟೆಯನ್ನು ಅರ್ಧಕ್ಕೆ ನಿಲ್ಲಿಸುತ್ತವೆ, ಆಗ ಕಿಂಡಿಯಲ್ಲಿ ಎರಡು ಖಾನೆಯ ನಡುವಿನ ಗೋಡೆ ಕಾಣುತ್ತದೆ, ಊಟ ಕಾಣುವುದಿಲ್ಲ. ಸೆಲ್ ಬದಲಿಸಿದಾಗ ಗಡಿಯಾರ ಸೊನ್ನೆಗೆ ಹೋಗುವ ಮಾದರಿಗಳಿವೆ. ಬೆಳಗ್ಗೆ, ಸಂಜೆಯ ಗುರುತು ತಪ್ಪಿ ನಾಲ್ಕರ ಊಟ ಸಂಜೆ ನಾಲ್ಕಕ್ಕೆ ತೆರೆಯುವುದು ಇಲ್ಲಿಂದಲೇ. ಬುದ್ಧಿವಂತ ಬೆಕ್ಕು ಮುಚ್ಚಳಕ್ಕೆ ಉಗುರು ಹಾಕಿ ಎತ್ತುವುದೂ ಉಂಟು. ಕೊಳ್ಳುವಾಗ ಮುಚ್ಚಳ ತಿರುವಿ ಬೀಗ ಬೀಳುತ್ತದೆಯೇ ನೋಡಿ. ಧ್ವನಿ ಮುದ್ರಿಸುವ ಸೌಲಭ್ಯಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಕಿವಿ ಮಂದವಾದ ಬೆಕ್ಕಿಗೆ ಅದು ಕೇಳಿಸದು. ಕೇಳಿಸಿದರೆ ಅದೇ ದನಿಯ ಮನುಷ್ಯನನ್ನು ಹುಡುಕಿಕೊಂಡು ಹಾಸಿಗೆಗೆ ಬರುತ್ತದೆ.

ಅಳತೆ ಹೀಗೆ. 4 ಕಿಲೋ ತೂಗುವ, ಹೆಚ್ಚು ಓಡಾಡದ ಮುದಿ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ. ಒಣ ಆಹಾರದಲ್ಲಿ 100 ಗ್ರಾಮಿಗೆ 350ರಿಂದ 400 ಇರುವುದರಿಂದ 50 ಗ್ರಾಂ ಹಿಡಿಯಬಹುದು. ಅದರಲ್ಲಿ ಅರ್ಧ ಹಗಲಿಗೆ, ಕೈಯಿಂದ. ಉಳಿದ 25 ಗ್ರಾಂ ಡಬ್ಬಿಗೆ: ರಾತ್ರಿ 10.30ಕ್ಕೆ 8, 1.30ಕ್ಕೆ 5, 4.15ಕ್ಕೆ 8, 6.45ಕ್ಕೆ 4. ಐದನೆಯ ಖಾನೆ ಖಾಲಿ ಇರಲಿ. ರಾತ್ರಿಗೆ ಒಂದೇ ಸಲ ಏಳುವ ಬೆಕ್ಕಾದರೆ 1.30ರದನ್ನು ಬಿಟ್ಟು ಆ 5 ಗ್ರಾಂ 10.30ಕ್ಕೆ ಸೇರಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು, ಡಬ್ಬಿ ಕೂಗಿಗಿಂತ ಮುಂಚೆ ತೆರೆಯಬೇಕು. ಬೆಕ್ಕು 4.30ಕ್ಕೆ ಕೂಗುವುದಾದರೆ 4.15. ಕೂಗಿದ ಮೇಲೆ ತೆರೆದರೆ ಕೂಗಿಗೇ ಬಹುಮಾನ ಕೊಟ್ಟ ಹಾಗಾಗುತ್ತದೆ. ಒಂದು ವಾರ ಸದ್ದಿಲ್ಲದೆ ಕಳೆದ ಮೇಲೆ ಮೂರು ದಿನಕ್ಕೊಮ್ಮೆ 10 ನಿಮಿಷದಂತೆ ಮುಂದೂಡಿ. ನಡುವೆ ಮತ್ತೆ ಕೂಗಿದರೆ ಹಿಂದಿನ ಹೊತ್ತಿಗೆ ಮರಳಿ, ಇನ್ನೊಂದು ವಾರ ಅಲ್ಲೇ ನಿಲ್ಲಿ. 6 ಗಂಟೆ ಮುಟ್ಟಲು ತಿಂಗಳು ದಾಟುತ್ತದೆ, ಅವಸರ ಬೇಡ. ಇನ್ಸುಲಿನ್ ಪಡೆಯುವ ಬೆಕ್ಕಿನ ಊಟದ ಹೊತ್ತನ್ನು ವೈದ್ಯರನ್ನು ಕೇಳದೆ ಕದಲಿಸಬೇಡಿ.

ಡಬ್ಬಿ ತಂದ ದಿನವೇ ರಾತ್ರಿಗೆ ಇಡುವುದು ಸಾಮಾನ್ಯ ತಪ್ಪು. ಮುದಿ ಬೆಕ್ಕಿಗೆ ಹೊಸ ವಸ್ತು ಎಂದರೆ ಅನುಮಾನ. ಮೋಟಾರಿನ ಗುರ್ರ್ ಸದ್ದಿಗೆ ಒಮ್ಮೆ ಬೆದರಿದರೆ ಮತ್ತೆ ಹತ್ತಿರ ಸುಳಿಯುವುದಿಲ್ಲ. ಮೊದಲ ಎರಡು ದಿನ ಮುಚ್ಚಳ ತೆಗೆದು ಅದರಲ್ಲೇ ಊಟ ಹಾಕಿ. ಮುಂದಿನ ಎರಡು ದಿನ ಮುಚ್ಚಳ ಹಾಕಿ, ಕಿಂಡಿಯ ಖಾನೆಯಲ್ಲಿ ಊಟ ಇಡಿ. ಆಮೇಲೆ ಹಗಲಲ್ಲಿ ಬೆಕ್ಕು ಸ್ವಲ್ಪ ದೂರ ಇರುವಾಗ ತಟ್ಟೆ ತಿರುಗಲಿ. ಬಳಿಕ ರಾತ್ರಿ. ಜಾಗ ಅಡುಗೆಮನೆಯ ಮೂಲೆ ಆಗಬಹುದು, ಮಲಗುವ ಕೋಣೆ ಬೇಡ. ಅಲ್ಲಿಗೆ ಹೋಗುವ ದಾರಿಯಲ್ಲಿ ಜೀರೋ ಬಲ್ಬ್ ಉರಿಯಲಿ, ಕಣ್ಣು ಮಂದವಾದ ಬೆಕ್ಕು ಕತ್ತಲಲ್ಲಿ ದಾರಿ ತಪ್ಪಿದಾಗಲೂ ಕೂಗುತ್ತದೆ. ಶುರುವಿನ ಮೂರರಿಂದ ಏಳು ರಾತ್ರಿ ಕೂಗು ಹೆಚ್ಚಾಗುವುದುಂಟು. ಹಳೆಯ ಬಾಗಿಲು ತೆರೆಯದಿದ್ದಾಗ ಜೋರಾಗಿ ಬಡಿಯುವುದು ಅದರ ಸ್ವಭಾವ. ಆ ರಾತ್ರಿಗಳಲ್ಲಿ ಎದ್ದು ಹೋಗುವುದು, ಬೈಯುವುದು, ದೀಪ ಹಾಕುವುದು, ಯಾವುದೂ ಬೇಡ, ಬೈಗುಳವೂ ಬೆಕ್ಕಿಗೆ ಒಂದು ಉತ್ತರವೇ. ಐದನೇ ರಾತ್ರಿ ಸೋತು ಎದ್ದುಬಿಟ್ಟರೆ ಐದು ರಾತ್ರಿ ಕೂಗಬೇಕು ಎಂಬುದನ್ನೇ ಕಲಿಸಿದಂತೆ. ಮೊದಲೇ ಪಕ್ಕದ ಮನೆಯವರಿಗೆ, ಮೇಲಿನ ಮಹಡಿಯವರಿಗೆ ಹೇಳಿಟ್ಟರೆ ಸೊಸೈಟಿಯ ಕಡೆಯಿಂದ ಬರುವ ಒತ್ತಡ ಕಡಿಮೆಯಾಗುತ್ತದೆ, ಮನೆಯವರಿಗೂ ಗಟ್ಟಿಯಾಗಿ ನಿಲ್ಲಲು ಬಲ ಬರುತ್ತದೆ.

ತಟ್ಟೆಯಲ್ಲಿ ಏನು ಇಡಬಾರದು? ಕರಾವಳಿಯ ಮನೆಗಳಲ್ಲಿ ಬೆಕ್ಕಿಗೆ ಬೇಯಿಸಿದ ಬಂಗುಡೆ ತಲೆ ಕಲಸಿದ ಅನ್ನ ಹಾಕುವ ರೂಢಿ ಇದೆ. ಮುಂಬಯಿಯ ಸೆಕೆಯಲ್ಲಿ ಅದು ಆರು ಗಂಟೆ ತಡೆಯುವುದಿಲ್ಲ. ಒಣಮೀನಂತೂ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವ ಬೆಕ್ಕಿಗೆ ಬೇಡವೇ ಬೇಡ, ಅದರಲ್ಲಿ ಉಪ್ಪು ಜಾಸ್ತಿ. ಪೌಚ್ ಆಹಾರಕ್ಕೆಂದು (ಚೀಲದಲ್ಲಿ ಬರುವ ಹಸಿ ಆಹಾರ) ತಟ್ಟೆಯ ಕೆಳಗೆ ಐಸ್ ಪ್ಯಾಕ್ ಇಡುವ ಮಾದರಿಗಳಿವೆ, ಅದನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಹೇಳುತ್ತಾರೆ. ಆದರೆ ತಣ್ಣನೆಯ ಊಟಕ್ಕೆ ವಾಸನೆ ಇರುವುದಿಲ್ಲ, ಮೂಗು ಮಂದವಾದ ಬೆಕ್ಕು ಮೂಸಿ ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ಐಸ್ ಪ್ಯಾಕ್ ಬೆವರಿ ಪಕ್ಕದ ಖಾನೆಯ ಒಣ ಕಾಳೂ ಒದ್ದೆಯಾಗುತ್ತದೆ. ಹೀಗಾಗಿ ಪೌಚನ್ನು ರಾತ್ರಿ 10.30ಕ್ಕೆ ಎದುರಲ್ಲೇ, ಉಗುರುಬೆಚ್ಚಗೆ ಮಾಡಿ ಕೊಡಿ, ಅಷ್ಟಕ್ಕೆ ಒಣ ಆಹಾರದ ಲೆಕ್ಕ ಇಳಿಸಿ. ಜಾವದ ಖಾನೆಗೆ ಒಣದೇ ಇರಲಿ. ಪಕ್ಕದಲ್ಲಿ ನೀರಿನ ಅಗಲ ಬಟ್ಟಲು ಮರೆಯಬೇಡಿ. ಆ ಪೌಚಿಗೆ ಮುಂಚೆ ಹತ್ತು ನಿಮಿಷ ದಾರಕ್ಕೆ ಕಟ್ಟಿದ ಗರಿಯನ್ನು ನೆಲದ ಮೇಲೆ ನಿಧಾನವಾಗಿ ಎಳೆದು ಆಡಿಸಿದರೆ ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ ಎಂಬ ಅದರ ಸಹಜ ಸರಣಿಗೆ ಕೂಡಿ ಬರುತ್ತದೆ. ಮುದಿ ಬೆಕ್ಕನ್ನು ನೆಗೆಸಬೇಡಿ, ಮಲಗಿಯೇ ಪಂಜ ಬೀಸಿದರೂ ಸಾಕು.

ಫೀಡರ್ ಜೊತೆಗೆ ಅಂಗಡಿಯವರು ಪ್ಲಗ್‌ಗೆ ಸಿಕ್ಕಿಸುವ ಫೆರೊಮೋನ್ ಡಿಫ್ಯೂಸರನ್ನೂ (ಬೆಕ್ಕನ್ನು ಸಮಾಧಾನಪಡಿಸಲೆಂದು ಗಾಳಿಗೆ ಅಂಶ ಹರಡುವ ಸಾಧನ) ತೋರಿಸುತ್ತಾರೆ. ಒಂದು ಬಾಟಲಿ ಸುಮಾರು 30 ದಿನ. ಕಿಟಕಿ ತೆರೆದು ಫ್ಯಾನ್ ತಿರುಗುವ ನಮ್ಮ ಮನೆಗಳಲ್ಲಿ ಅದರ ಅಂಶ ನಿಲ್ಲುವುದು ಕಷ್ಟ. ಮನೆ ಬದಲಿಸಿದ ಗಾಬರಿಗೆ ಪ್ರಯತ್ನಿಸಬಹುದು, ಹಸಿವಿಗೆ ಅದರಿಂದ ಏನೂ ಆಗದು. ಅದಕ್ಕಿಂತ ಲಿಟರ್ ಟ್ರೇಯ (ಬೆಕ್ಕಿನ ಮಲಮೂತ್ರದ ತಟ್ಟೆ) ಒಂದು ಬದಿಯನ್ನು 6 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ ಅಂಚು ಉಜ್ಜಿ ನುಣುಪು ಮಾಡಿ. ಟ್ರೇ ಹತ್ತಲಾಗದೆ ಅದರ ಮುಂದೆ ನಿಂತು ಕೂಗುವ ಬೆಕ್ಕುಗಳಿವೆ.

ಎರಡು ಬೆಕ್ಕಿರುವ ಮನೆಗೆ ಈ ತಟ್ಟೆ ಸಾಲದು, ಗಟ್ಟಿಮುಟ್ಟಾದ ಚಿಕ್ಕದು ಮುದಿಯದರ ಪಾಲನ್ನೂ ತಿನ್ನುತ್ತದೆ. ಬೆಕ್ಕಿನ ಚರ್ಮದಡಿ ಹಾಕಿದ ಗುರುತಿನ ಮೈಕ್ರೋಚಿಪ್ ಓದಿ ತೆರೆಯುವ ಫೀಡರ್ ಬೇಕು, ಇಲ್ಲವೇ ಬೇರೆ ಕೋಣೆ.

ರಜೆಗೆ ಊರಿಗೆ ಹೊರಟಾಗ ಐದು ಖಾನೆ ತುಂಬಿಸಿಟ್ಟು ಬಾಗಿಲು ಹಾಕಿ ಹೋಗುವುದು ಮಾತ್ರ ಬೇಡ. ತಟ್ಟೆ ತಿರುಗಿತು ಎಂಬುದಷ್ಟೇ ಯಂತ್ರಕ್ಕೆ ಗೊತ್ತು, ಬೆಕ್ಕು ತಿಂದಿತೇ ಎಂಬುದು ಗೊತ್ತಿಲ್ಲ. ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಪಿತ್ತಜನಕಾಂಗಕ್ಕೆ ಕೊಬ್ಬು ಹತ್ತುತ್ತದೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ ಈ ಅಪಾಯ ಹೆಚ್ಚು. ಬೀಗದ ಕೈ ಪಕ್ಕದ ಮನೆಯವರ ಬಳಿ ಇರಲಿ. ದಿನಕ್ಕೆ ಎರಡು ಸಲ ಬಂದು ಖಾನೆ ನೋಡಿ, ಉಳಿದದ್ದನ್ನು ತೂಗಿ, ಫ್ರಿಜ್ ಮೇಲೆ ಅಂಟಿಸಿದ ಹಾಳೆಯಲ್ಲಿ ಬರೆಯಲು ಹೇಳಿ. 24 ಗಂಟೆಯಲ್ಲಿ ಏನೂ ಮುಟ್ಟಿಲ್ಲವಾದರೆ ಕರೆ ಮಾಡಬೇಕಾದ ಪಶುವೈದ್ಯರ ನಂಬರೂ ಅದೇ ಹಾಳೆಯಲ್ಲಿರಲಿ.