ಝೂಮ್ ಇಲ್ಲದ ಸ್ಕೋಪ್ ಜೊತೆ ಮೂರು ವರ್ಷ, ಅದರಲ್ಲಿ ಎರಡು ತಿಂಗಳು ಬರೀ ಜಗಳ

ಮೊದಲು ಜಗಳದ ವಿಷಯವನ್ನೇ ಹೇಳಿಬಿಡುತ್ತೇನೆ. ನನ್ನ .22 ರೈಫಲ್ ಮೇಲೆ 6x42 ಸ್ಕೋಪ್ (ಆರು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಲೆನ್ಸ್ 42 ಮಿ.ಮೀ. ಅಗಲದ ಗುರಿ ದುರ್ಬೀನು) ಕೂರಿಸಿದ ಮೊದಲ ಎರಡು ತಿಂಗಳು 50 ಮೀಟರ್‌ನಲ್ಲಿ ಗ್ರೂಪ್, ಅಂದರೆ ಟಾರ್ಗೆಟ್ ಮೇಲೆ ಬಿದ್ದ ತೂತುಗಳ ಗುಂಪು, ಒಂದು ದಿನ ಇದ್ದ ಜಾಗದಲ್ಲಿ ಇನ್ನೊಂದು ದಿನ ಇರುತ್ತಿರಲಿಲ್ಲ. ಐದು ಗುಂಡೂ ಒಟ್ಟಿಗೇ ಬೀಳುತ್ತಿದ್ದವು, ಅದರಲ್ಲಿ ತಕರಾರಿಲ್ಲ. ಆದರೆ ಆ ಗುಂಪಿಗೆ ಗುಂಪೇ ಒಂದಿನ ಎಡಕ್ಕೆ, ಒಂದಿನ ಮೇಲಕ್ಕೆ. ಗುಂಡಿನ ಡಬ್ಬಿ ಬದಲಾಯಿಸಿದೆ. ಗಾಳಿಯನ್ನು ಬೈದೆ. ಸ್ಕೋಪನ್ನು ರೈಫಲ್‌ಗೆ ಹಿಡಿದಿರುವ ರಿಂಗ್‌ಗಳ ಸ್ಕ್ರೂ ಬಿಚ್ಚಿ ಮತ್ತೆ ಬಿಗಿ ಮಾಡಿದೆ. ಟರೆಟ್ (ಸ್ಕೋಪ್‌ನ ಗುರಿ ಸರಿಸುವ ತಿರುಪು) ಪ್ರತಿ ಸಲ ನಾಲ್ಕು ಕ್ಲಿಕ್ ಈ ಕಡೆ, ಮುಂದಿನ ಸಲ ಅದೇ ನಾಲ್ಕು ಕ್ಲಿಕ್ ವಾಪಸ್.

ಕೊನೆಗೊಂದು ದಿನ ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ ತೆರೆದಿಟ್ಟು, ರೈಫಲನ್ನು ಮರಳಿನ ಚೀಲಗಳ ಮೇಲೆ ಅಲುಗಾಡದ ಹಾಗೆ ಮಲಗಿಸಿದೆ. ಕ್ರಾಸ್‌ಹೇರ್ (ಸ್ಕೋಪ್ ಒಳಗೆ ಕಾಣುವ ಗುರಿಯ ಅಡ್ಡಗೆರೆಗಳು) ಬುಲ್ ಮೇಲೆ, ಅಂದರೆ ಟಾರ್ಗೆಟ್‌ನ ನಟ್ಟನಡುವೆ ನಿಂತಿತ್ತು. ರೈಫಲ್ ಮುಟ್ಟದೆ ತಲೆಯನ್ನು ಮಾತ್ರ ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿದರೆ, ಕ್ರಾಸ್‌ಹೇರ್ ಬುಲ್‌ನಿಂದ ಇಳಿದು ಪಕ್ಕದ ರಿಂಗ್‌ಗೆ ವಾಕಿಂಗ್ ಹೋಗಿ ಬಂತು!

ಇದೇ ಪ್ಯಾರಲ್ಯಾಕ್ಸ್. ಗೋಡೆ ಗಡಿಯಾರವನ್ನು ಪಕ್ಕದಿಂದ ನೋಡಿದಾಗ ಮುಳ್ಳು ಒಂದು ನಿಮಿಷ ಹಿಂದೋ ಮುಂದೋ ಇದ್ದಂತೆ ಕಾಣುತ್ತದಲ್ಲ, ಹಾಗೆಯೇ. ಮುಂದಿನ ಲೆನ್ಸ್ ಮಾಡುವ ಚಿತ್ರವೂ ಕ್ರಾಸ್‌ಹೇರೂ ಸ್ಕೋಪ್ ಒಳಗೆ ಒಂದೇ ಜಾಗದಲ್ಲಿ ಕೂತಿಲ್ಲದಿದ್ದರೆ ಕಣ್ಣು ಸರಿದಂತೆ ಒಂದರ ಮೇಲೊಂದು ಜಾರುತ್ತದೆ. ನನ್ನ ಸ್ಕೋಪನ್ನು ಕಂಪನಿಯಲ್ಲೇ 100 ಮೀಟರ್‌ಗೆ, ಅಂದರೆ ಆ ದೂರದಲ್ಲಿ ಮಾತ್ರ ಎರಡೂ ಒಂದೇ ಜಾಗಕ್ಕೆ ಬರುವಂತೆ ಹೊಂದಿಸಿ ಸೀಲ್ ಮಾಡಿದ್ದಾರೆ. ತಿರುಗಿಸಲು ಪಕ್ಕದಲ್ಲಿ ಗುಂಡಿ ಇಲ್ಲ, ಮುಂದೆ ರಿಂಗೂ ಇಲ್ಲ. ನಾನು ಹೊಡೆಯುವುದು ಮುಕ್ಕಾಲು ಪಾಲು 50ರಲ್ಲಿ. ಲೆಕ್ಕ ಹಾಕಿದರೆ 42 ಮಿ.ಮೀ. ಲೆನ್ಸ್‌ನ ಅರ್ಧ 21, ದೂರ ಅರ್ಧಕ್ಕೆ ಇಳಿದಿರುವುದರಿಂದ ಅದರ ಅರ್ಧ, ಅಂದರೆ ತೀರಾ ಅಂಚಿನಿಂದ ನೋಡಿದರೆ 10.5 ಮಿ.ಮೀ. ತನಕ ತಪ್ಪಬಹುದು. 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ರಿಂಗ್‌ನ ಅಗಲವೇ 10.4 ಮಿ.ಮೀ.! ನಾನು ಹತ್ತು ಅಂದುಕೊಂಡು ಬಿಟ್ಟದ್ದು ಒಂಬತ್ತರಲ್ಲಿ ಹೋಗಿ ಕೂರುತ್ತಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ಈ ಸ್ಕೋಪನ್ನು ನಾನು ಆರಿಸಿದ್ದೇ ಅದರ ಧಾರಾಳತನ ನೋಡಿ. 42ನ್ನು 6ರಿಂದ ಭಾಗಿಸಿದರೆ 7. ಸ್ಕೋಪನ್ನು ಕೈಯಷ್ಟು ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಹಿಂದಿನ ಗಾಜಿನಲ್ಲಿ 7 ಮಿ.ಮೀ. ಅಗಲದ ಬೆಳಕಿನ ಬಿಲ್ಲೆಯೊಂದು ಕಾಣುತ್ತದೆ, ಅದರೊಳಗೆ ಕಣ್ಣಿನ ಪಾಪೆ ಬಿದ್ದರೆ ಸಾಕು, ಚಿತ್ರ ಪೂರ್ತಿ ಸಿಗುತ್ತದೆ. ಅದೇ 42ರ ಲೆನ್ಸ್ ಇರುವ ಝೂಮ್ ಸ್ಕೋಪನ್ನು 18ಕ್ಕೆ ಏರಿಸಿ ನೋಡಿ, ಬಿಲ್ಲೆ 2.3ಕ್ಕೆ ಇಳಿದಿರುತ್ತದೆ, ಕೂದಲೆಳೆಯಷ್ಟು ತಲೆ ಸರಿದರೂ ಎಲ್ಲಾ ಕಪ್ಪು. ನನ್ನದರಲ್ಲಿ ಆ ಗೋಳಿಲ್ಲ. ಆದರೆ ಬಿಸಿಲಲ್ಲಿ ಪಾಪೆ ಇರುವುದು 2-3 ಮಿ.ಮೀ. ಅಷ್ಟೇ. ಅದು 7ರ ಬಿಲ್ಲೆಯೊಳಗೆ ಎಲ್ಲಿ ಓಡಾಡಿದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಕೆನ್ನೆ ಇವತ್ತೊಂದು ಕಡೆ ನಾಳೆ ಒಂದು ಕಡೆ ಕೂತದ್ದು ನನಗೆ ಗೊತ್ತೇ ಆಗಲಿಲ್ಲ. ಯಾವುದನ್ನು ಮೆಚ್ಚಿ ತಂದೆನೋ ಅದೇ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು.

ಮಾರಿಬಿಡೋಣ ಅಂತಲೇ ಇದ್ದೆ. ಅದಕ್ಕೂ ಮುಂಚೆ ಸ್ಟಾಕ್ (ರೈಫಲ್‌ನ ಹಿಂಬದಿ) ಮೇಲೆ ಕೆನ್ನೆ ಊರುವ ಜಾಗಕ್ಕೆ ಒಂದೂವರೆ ಸೆಂಟಿಮೀಟರ್ ದಪ್ಪ ಫೋಮ್ ಇಟ್ಟು ಟೇಪ್ ಸುತ್ತಿ ನೋಡೋಣ ಅನಿಸಿತು. ನೋಡಲು ಗಾಯಕ್ಕೆ ಬ್ಯಾಂಡೇಜ್ ಕಟ್ಟಿದ ಹಾಗಿದೆ, ಇವತ್ತಿಗೂ ಹಾಗೇ ಇದೆ.

ಈಗ ಪ್ರತಿ ಸಲ ಮಾಡುವುದು ಇಷ್ಟು. ಮುಚ್ಚಳ ತೆಗೆದು ರಬ್ಬರ್ ಬುರುಡೆಯಿಂದ ಗಾಳಿ ಊದುತ್ತೇನೆ, ಬಟ್ಟೆ ಆಮೇಲೆ, ಧೂಳಿರುವಾಗ ಒರೆಸಿದರೆ ಗೀರು ಗ್ಯಾರಂಟಿ. ರಿಂಗ್ ಸ್ಕ್ರೂಗಳ ಮೇಲೆ ಬಿಳಿ ಪೇಂಟ್‌ನಿಂದ ಎಳೆದ ಗೆರೆ ಕದಲಿದೆಯಾ ಅಂತ ಉಗುರಿನಿಂದ ಸವರಿ ನೋಡುತ್ತೇನೆ. ಆಮೇಲೆ ಕಣ್ಣು ಮುಚ್ಚಿ ಕೆನ್ನೆ ಊರಿ, ಕಣ್ಣು ತೆರೆದು, ತಲೆಯನ್ನು ಒಂದು ಚೂರು ಹಿಂದಕ್ಕೆ ಎಳೆಯುತ್ತೇನೆ. ಚಿತ್ರದ ಸುತ್ತ ಕಪ್ಪು ಅಂಚು ಮೂಡುತ್ತದೆ. ಅದು ಒಂದು ಕಡೆ ಗ್ರಹಣ ಹಿಡಿದಂತೆ ದಪ್ಪಗಿದ್ದರೆ ತಲೆ ಸರಿಯಿಲ್ಲ. ಸುತ್ತಲೂ ಬಳೆಯ ಹಾಗೆ ಸಮನಾಗಿ ಬಂದರೆ ಕಣ್ಣು ನಟ್ಟನಡುವೆ ಇದೆ ಅಂತ ಅರ್ಥ, ಆಗ ಪ್ಯಾರಲ್ಯಾಕ್ಸ್ ಎಷ್ಟೇ ಇದ್ದರೂ ಲೆಕ್ಕಕ್ಕಿಲ್ಲ. ಆ ಕಪ್ಪು ಬಳೆ ಸಮ ಆಗುವ ಕ್ಷಣ ಇದೆಯಲ್ಲ, ಈಗ ನನಗೆ ಅದೇ ಒಂಥರಾ ಚಟ. ಗ್ರೂಪ್ ಜರುಗುವುದು ನಿಂತಿತು. ಟರೆಟ್ ಮುಚ್ಚಳ ತೆಗೆದು ಎಷ್ಟೋ ತಿಂಗಳಾಯಿತು.

ಜಗಳ ಮುಗಿದ ಮೇಲೆ ಬಾಕಿ ಗುಣಗಳು ಕಣ್ಣಿಗೆ ಬಿದ್ದವು. ರೆಟಿಕಲ್ (ಅದೇ ಕ್ರಾಸ್‌ಹೇರ್) ಮೇಲಿನ ಗುರುತುಗಳ ಅಳತೆ, ಒಂದು ಗುರುತು ಟಾರ್ಗೆಟ್ ಮೇಲೆ ಎಷ್ಟಕ್ಕೆ ಸಮ ಅನ್ನುವುದು, ಯಾವತ್ತೂ ಬದಲಾಗುವುದಿಲ್ಲ. ಗೆಳೆಯನ ಝೂಮ್ ಸ್ಕೋಪ್‌ನಲ್ಲಿ ಗುರುತುಗಳು ಸರಿ ಬರುವುದು 12 ಪಟ್ಟಿನಲ್ಲಿ ಮಾತ್ರ. ಅವನು ಮರೆತು 6ರಲ್ಲಿ ಇಟ್ಟು ಒಂದು ಗುರುತು ಮೇಲೆ ಹಿಡಿದ, ಗುಂಡು ಎರಡರಷ್ಟು ಮೇಲೆ ಹೋಯಿತು. ನನಗೆ ಹಾಗೆ ಮರೆಯಲು ಏನೂ ಇಲ್ಲ. ಕಣ್ಣಿಗೂ ಗಾಜಿಗೂ ನಡುವಿನ ದೂರವೂ ಒಂದೇ. ಸಂಜೆ ಬೆಳಕು ಇಳಿದು ಪಾಪೆ ಅಗಲವಾದಾಗ ಆ 7ರ ಬಿಲ್ಲೆ ನಿಜವಾಗಿ ದುಡಿಯುತ್ತದೆ, ಪಕ್ಕದವರು ಗಂಟು ಕಟ್ಟುವ ಹೊತ್ತಿಗೂ ನನಗೆ ಟಾರ್ಗೆಟ್‌ನ ಅಂಚು ಕಾಣುತ್ತಿರುತ್ತದೆ. ವಯಸ್ಸಾದವರಿಗೆ ಈ ಲಾಭ ಕಡಿಮೆ, ಪಾಪೆ ಅಷ್ಟು ಅಗಲ ತೆರೆಯುವುದಿಲ್ಲ.

ಇನ್ನು 100 ಮೀಟರ್‌ನಲ್ಲಿ ತೂತು ಕಾಣುವುದಿಲ್ಲ. 6 ಪಟ್ಟು ಅಂದರೆ ಬರಿಗಣ್ಣಲ್ಲಿ 17 ಮೀಟರ್‌ನಿಂದ ನೋಡಿದ ಹಾಗೆ, ಕಪ್ಪು ಕಾಗದದ ಮೇಲೆ .22ರ ತೂತು ಎಲ್ಲಿಂದ ಕಾಣಬೇಕು? ಮೊದಲು ಇದು ಕಿರಿಕಿರಿ ಅನಿಸುತ್ತಿತ್ತು. ಈಗ ಐದೂ ಮುಗಿಸಿ ನಡೆದುಹೋಗಿ ನೋಡುತ್ತೇನೆ. ಪ್ರತಿ ಗುಂಡಿಗೂ ಇಣುಕಿ ನೋಡಿ ಗಾಬರಿಯಾಗಿ ಗುರಿ ಬದಲಾಯಿಸುವ ಹಳೇ ಅಭ್ಯಾಸ ತಾನಾಗಿ ಬಿಟ್ಟುಹೋಯಿತು. ಆದರೆ ತೂತು ಎಣಿಸುತ್ತಾ ಹೊಡೆಯುವುದೇ ನಿಮಗೆ ಖುಷಿ ಅಂದರೆ ಇದು ಬೇಡ. 15-20 ಮೀಟರ್‌ನಲ್ಲಿ ಏರ್ ರೈಫಲ್ ಹೊಡೆಯುವವರಿಗಂತೂ ಬೇಡವೇ ಬೇಡ, ಅಷ್ಟು ಹತ್ತಿರಕ್ಕೆ ಚಿತ್ರ ಮಸುಕು, ಪ್ಯಾರಲ್ಯಾಕ್ಸ್ ಇನ್ನೂ ಜಾಸ್ತಿ. ಕೊಳ್ಳುವ ಮೊದಲು ಸ್ಕೋಪ್ ಯಾವ ದೂರಕ್ಕೆ ಹೊಂದಿಸಿದೆ ಅಂತ ಕೇಳಿ. ನಾನು ಕೇಳಿರಲಿಲ್ಲ, ಅಷ್ಟೇ. 50ರ ಆಸುಪಾಸಿಗೆ ಹೊಂದಿಸಿದ್ದು .22ಗೆಂದೇ ಸಿಗುತ್ತದೆ.

ಮುಂದಿನ ಲೆನ್ಸ್ ಹಿಡಿದಿರುವ ಉಂಗುರ ಬಿಚ್ಚಿ, ಲೆನ್ಸನ್ನು ಸ್ವಲ್ಪ ತಿರುಗಿಸಿ 50ಕ್ಕೆ ತರಬಹುದು ಅನ್ನುವುದು ನನಗೂ ಗೊತ್ತು, ಕೆಲವರು ಮಾಡಿಕೊಂಡಿದ್ದಾರೆ ಕೂಡ. ಒಳಗಿನ ನೈಟ್ರೋಜನ್ ಹೊರಟುಹೋದರೆ ಚಳಿಯ ಬೆಳಿಗ್ಗೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ, ವಾರಂಟಿಯೂ ಹೋಗುತ್ತದೆ. ಎರಡು ಸಲ ಸ್ಕೋಪನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಎರಡು ಸಲವೂ ಹಾಗೇ ವಾಪಸ್ ಕೂರಿಸಿ, ಫೋಮ್‌ಗೆ ಹೊಸ ಟೇಪ್ ಸುತ್ತಿದೆ.