ಗಾಂಧೀಜಿಯನ್ನು ಅಳೆಯಲು ಯಾವ ಪುಸ್ತಕ ಮೊದಲು?

ಚಿಕ್ಕಬಳ್ಳಾಪುರದ ಗೆಳೆಯನೊಬ್ಬ ಕೇಳಿದ: ಗಾಂಧೀಜಿಯನ್ನು ಪ್ರಶ್ನೆ ಮಾಡುತ್ತಲೇ ಓದಬೇಕು. ಆತ್ಮಕಥೆಯೋ, ಅವರೇ ಬರೆದ ‘ದಕ್ಷಿಣ ಆಫ್ರಿಕಾದಲ್ಲಿ ಸತ್ಯಾಗ್ರಹ’ವೋ?

ನನ್ನ ಓಟು ಆತ್ಮಕಥೆಗೆ. 1925ರಿಂದ ವಾರವಾರ ಪತ್ರಿಕೆಯಲ್ಲಿ ಬಂದದ್ದು ಅದು. 1927ರಲ್ಲಿ ಗಾಂಧೀಜಿ ನಮ್ಮ ನಂದಿಬೆಟ್ಟದಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗಲೂ ಕಂತುಗಳು ಮುಗಿದಿರಲಿಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್ ಮನೆಯಲ್ಲಿ ಬೇರೆಯವರ ಮೂತ್ರದ ಪಾತ್ರೆ ಎತ್ತಬೇಕಾಯಿತೆಂದು ಕಣ್ಣೀರಿಟ್ಟ ಹೆಂಡತಿ ಕಸ್ತೂರಬಾರನ್ನು ಕೈಹಿಡಿದು ಗೇಟಿನವರೆಗೆ ಎಳೆದದ್ದನ್ನು ತಾವೇ ಬರೆದಿದ್ದಾರೆ. ಒಪ್ಪಿಕೊಂಡರು, ಸರಿ. ಆದರೆ ಕಸ್ತೂರಬಾ ಏನಂದುಕೊಂಡರು? ಅದೂ ಗಂಡನ ಬಾಯಲ್ಲೇ ಬರುತ್ತದೆ, ಅಲ್ವಾ? ಅಲ್ಲೇ ಪೆನ್ಸಿಲ್ಲಿನಲ್ಲಿ ಗೆರೆ ಹಾಕು ಎಂದೆ.

ಇನ್ನೊಂದರಲ್ಲಿ ಮನೆ ಕಮ್ಮಿ, ಹೋರಾಟ ಜಾಸ್ತಿ. 1908ರಲ್ಲಿ ಅಲ್ಲಿನ ಭಾರತೀಯರು ಸರ್ಕಾರ ಕೊಟ್ಟ ನೋಂದಣಿ ಪತ್ರ ಸುಟ್ಟದ್ದು, 1913ರ ಗಣಿ ಕೂಲಿಗಳ ನಡಿಗೆ ಬೇಕಿದ್ದರೆ ಅದೇ ಸರಿ. ಅಂದಹಾಗೆ, ಆತ್ಮಕಥೆ 1920ರ ಸುಮಾರಿಗೇ ನಿಲ್ಲುತ್ತದೆ. ಉಪ್ಪಿನ ಸತ್ಯಾಗ್ರಹವನ್ನು ಅದರಲ್ಲಿ ಸುಮ್ನೆ ಹುಡುಕಬೇಡ.